ರೋಸ್ ವಲಾಂ ಬರೆದಿಟ್ಟ ಲೆಕ್ಕ

ಕಲಾ ಇತಿಹಾಸ ಓದಿದವರು ಏನು ಕೆಲಸ ಮಾಡ್ತಾರೆ ಅಂತ ಯಾರಾದರೂ ಕೇಳಿದರೆ ನಾನು ರೋಸ್ ವಲಾಂ ಹೆಸರು ಹೇಳುತ್ತೇನೆ. 1898ರಲ್ಲಿ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿದವರು. ಲಿಯಾನ್, ಪ್ಯಾರಿಸ್‌ಗಳಲ್ಲಿ ಕಲೆ ಓದಿ, 1932ರಲ್ಲಿ ಪ್ಯಾರಿಸ್ಸಿನ ಜ್ಯು ದ ಪೋಮ್ ಮ್ಯೂಸಿಯಂ ಸೇರಿದರು. ಸಂಬಳ ಇಲ್ಲ! ಅಷ್ಟು ಓದಿದ ಹೆಂಗಸನ್ನು ವರ್ಷಗಟ್ಟಲೆ ಪುಕ್ಕಟೆ ದುಡಿಸಿಕೊಂಡರಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

1940ರಲ್ಲಿ ನಾಜಿಗಳು ಪ್ಯಾರಿಸ್ ಹಿಡಿದರು. ಯಹೂದಿಗಳ ಮನೆ, ಗ್ಯಾಲರಿಗಳಿಂದ ದೋಚಿದ ಚಿತ್ರಗಳನ್ನು ತಂದು ಗುಡ್ಡೆ ಹಾಕಲು ಅವರಿಗೆ ಸಿಕ್ಕಿದ್ದು ಇದೇ ಜ್ಯು ದ ಪೋಮ್. ನಾಜಿ ನಾಯಕ ಗೋರಿಂಗ್ ಮತ್ತೆ ಮತ್ತೆ ಬಂದು ತನಗೆ ಬೇಕಾದ್ದನ್ನು ಆರಿಸಿಕೊಂಡು ಹೋಗುತ್ತಿದ್ದ. ಏನೇ ಆದರೂ ನೀವು ಅಲ್ಲೇ ಇರಿ ಅಂತ ಮೇಲಧಿಕಾರಿ ಜಾಕ್ ಜೋಜಾರ್ ವಲಾಂಗೆ ಹೇಳಿದ್ದರು. ಇದ್ದರು, ನಾಲ್ಕು ವರ್ಷ.

ವಲಾಂಗೆ ಜರ್ಮನ್ ಅರ್ಥವಾಗುತ್ತಿತ್ತು. ಅದನ್ನು ನಾಜಿ ಅಧಿಕಾರಿಗಳ ಎದುರು ತೋರಿಸಿಕೊಳ್ಳಲೇ ಇಲ್ಲ. ಸುಮ್ನೆ ತಮ್ಮ ಪಾಡಿಗೆ ಓಡಾಡುತ್ತಾ ಮಾತು ಕೇಳಿಸಿಕೊಳ್ಳುವುದು, ಕಸದ ಬುಟ್ಟಿಗೆ ಬಿದ್ದ ಕಾರ್ಬನ್ ಹಾಳೆಗಳನ್ನು ಎತ್ತಿಕೊಂಡು ಹೋಗಿ ಅದರಲ್ಲಿ ಮೂಡಿದ ಅಕ್ಷರ ಬಿಡಿಸಿ ಓದುವುದು, ನೋಡಿದ್ದನ್ನೆಲ್ಲ ಗುಟ್ಟಾಗಿ ಬರೆದಿಡುವುದು. ಏನು ಬರೆಯುತ್ತಿದ್ದರು? ಯಾರು ಬಿಡಿಸಿದ ಚಿತ್ರ, ಯಾರ ಮನೆಯದು, ಯಾವ ಪೆಟ್ಟಿಗೆಯಲ್ಲಿ ಹೋಯಿತು, ಯಾವ ಊರಿಗೆ. ಮ್ಯೂಸಿಯಂ ರಿಜಿಸ್ಟರಿನಲ್ಲಿ ದಿನಾ ಬರೆಯುವ ವಿವರಗಳೇ ಇವು, ಅಲ್ವಾ? ಸಿಕ್ಕಿಬಿದ್ದಿದ್ದರೆ ಪ್ರಾಣವೇ ಹೋಗುತ್ತಿತ್ತು. ಅವರನ್ನು ಗೂಢಚಾರಿಣಿ ಅಂತ ಕರೆಯುವವರೇ ಜಾಸ್ತಿ, ಆದರೆ ಚಿತ್ರ ನೋಡಿದ ಕೂಡಲೇ ಅದು ಯಾರದು, ಯಾರ ಸಂಗ್ರಹದ್ದು ಅಂತ ಗುರುತು ಹಿಡಿಯುವ ಕಣ್ಣಿಲ್ಲದಿದ್ದರೆ ಎಷ್ಟು ಧೈರ್ಯ ಇದ್ದರೂ ಆ ಪಟ್ಟಿ ತಯಾರಾಗುತ್ತಿರಲಿಲ್ಲ.

1944ರ ಆಗಸ್ಟ್‌ನಲ್ಲಿ ಸೋಲು ಹತ್ತಿರ ಬಂದಾಗ ಜರ್ಮನ್ನರು 148 ಪೆಟ್ಟಿಗೆ ಚಿತ್ರಗಳನ್ನು ರೈಲಿಗೆ ತುಂಬಿದರು. ಪಿಕಾಸೊ, ಸೆಜಾನ್, ಗೊಗ್ಯಾಂ ಎಲ್ಲ ಅದರಲ್ಲಿದ್ದರು. ವಲಾಂ ಸುದ್ದಿ ಮುಟ್ಟಿಸಿದರು, ರೈಲ್ವೆ ಕೆಲಸಗಾರರು ಏನೇನೋ ನೆಪ ತೆಗೆದು ತಡ ಮಾಡಿದರು. ಕೊನೆಗೆ ಪ್ಯಾರಿಸ್ ಹೊರವಲಯದಲ್ಲೇ ಫ್ರೆಂಚ್ ಸೈನಿಕರು ಆ ರೈಲು ಹಿಡಿದರು. ಆ ತುಕಡಿಯ ಅಧಿಕಾರಿ ಅಲೆಕ್ಸಾಂಡರ್ ರೋಸೆನ್‌ಬರ್ಗ್, ಚಿತ್ರವ್ಯಾಪಾರಿ ಪಾಲ್ ರೋಸೆನ್‌ಬರ್ಗ್ ಅವರ ಮಗ. ಪೆಟ್ಟಿಗೆ ತೆಗೆದರೆ ಒಳಗೆ ಅಪ್ಪನದೇ ಚಿತ್ರಗಳು! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪ್ಯಾರಿಸ್ ಬಿಡುಗಡೆಯಾದ ಮೇಲೂ ಆ ಮಾಹಿತಿಯನ್ನು ಅವರು ಕೇಳಿದವರಿಗೆಲ್ಲ ಕೊಡಲಿಲ್ಲ. ಅಮೆರಿಕದ ಸೇನೆಯ ಜೇಮ್ಸ್ ರೋರಿಮರ್ ಮೇಲೆ ನಂಬಿಕೆ ಬರಲು ತಿಂಗಳುಗಳೇ ಹಿಡಿದವು, ಬಂದ ಮೇಲೆ ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಕೋಟೆಯಲ್ಲಿ ಏನಿದೆ ಅಂತ ಹೇಳಿದರು. ಅಲ್ಲಿ ದೋಚಿದ ಮಾಲು ರಾಶಿ ರಾಶಿ ಸಿಕ್ಕಿತು. ಆಮೇಲೆ ತಾವೇ ಫ್ರೆಂಚ್ ಸೇನೆಯ ಕ್ಯಾಪ್ಟನ್ ಆಗಿ ಜರ್ಮನಿಗೆ ಹೋಗಿ ವರ್ಷಗಟ್ಟಲೆ ಹುಡುಕಿದರು. ಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ವಾಪಸ್ ಬಂದ ಕಲಾಕೃತಿಗಳು ಸುಮಾರು 60,000. ಅದರಲ್ಲಿ ಸುಮಾರು 45,000 ಮಾಲೀಕರ ಕೈ ಸೇರಿದವು. ವಲಾಂ 1980ರಲ್ಲಿ ತೀರಿಕೊಂಡರು. ವಾರಸುದಾರರು ಸಿಗದ ಸುಮಾರು 2,000 ಕೃತಿಗಳು ಇನ್ನೂ ಫ್ರಾನ್ಸಿನ ಮ್ಯೂಸಿಯಂಗಳ ಸುಪರ್ದಿಯಲ್ಲಿವೆ. ಇವು ನಮ್ಮ ಅಜ್ಜನ ಮನೆಯವು ಅಂತ ಮೊಮ್ಮಕ್ಕಳು ಕೇಳಿಕೊಂಡು ಬಂದರೆ, ಇವತ್ತಿಗೂ ಹುಡುಕಾಟದಲ್ಲಿ ವಲಾಂ ಅವರ ಕಡತಗಳು ಬೇಕಾಗುತ್ತವೆ.