ಘಟ್ಟ ಇಳಿದು ಸುಮ್ನೆ ಮಂಗಳೂರಿಗೆ

ತೀರ್ಥಹಳ್ಳಿ ಕಡೆಯ ನಮಗೆ ಮಂಗಳೂರು ಅಂದರೆ ಆಸ್ಪತ್ರೆ, ಮಕ್ಕಳ ಕಾಲೇಜು, ಇಲ್ಲವೇ ವಿಮಾನ ನಿಲ್ದಾಣ. ಕೆಲಸ ಮುಗಿದ ಕೂಡಲೇ ಘಟ್ಟ ಹತ್ತಿಬಿಡುತ್ತೇವೆ. ರಜೆ ಸಿಕ್ಕರೆ ಹೋಗುವುದು ಗೋವಾಕ್ಕೆ, ಊಟಿಗೆ. ಈ ಸಲ ದಸರಾ ರಜೆಗೆ ನಾನೂ ನನ್ನ ಹೆಂಡತಿಯೂ ಬರೀ ಊರು ನೋಡಲೆಂದೇ ಮಂಗಳೂರಿಗೆ ಹೋದೆವು. ಆಗುಂಬೆಯ 14 ತಿರುವು ಇಳಿಯುವ ಮಿನಿ ಬಸ್ಸಿನಲ್ಲಿ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸು.

ಫೋನಿನಲ್ಲಿ ರೂಮು ಖಾತ್ರಿ ಅಂದಿದ್ದ ಲಾಡ್ಜಿನವರು, ಹೋಗಿ ನಿಂತಾಗ ರೂಮೇ ಇಲ್ಲ ಅಂದರು. ಅಲ್ಲಿನ ಕುದ್ರೋಳಿ ದೇವಸ್ಥಾನದ ದಸರಾಕ್ಕೆ ಬಂದ ಯಾರಿಗೋ ಜಾಸ್ತಿ ಬಾಡಿಗೆಗೆ ಕೊಟ್ಟಾಗಿತ್ತು. ಮುಂಗಡ ವಾಪಸ್ ಕೊಡಲೂ ಸತಾಯಿಸಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಹಬ್ಬದ ಹೊತ್ತಿಗೆ ಹೋಗುವವರು ದುಡ್ಡು ಕಟ್ಟಿದ ರಸೀದಿ ಕೇಳಿ ಪಡೆಯಿರಿ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಫೋನ್ ಮಾಡಿ.

ಪಣಂಬೂರಿನ ಕಡಲತೀರದಲ್ಲಿ ಜನ, ಅಂಗಡಿ, ಗಲಾಟೆ. ನನಗೆ ಹಿಡಿಸಲಿಲ್ಲ. ತಣ್ಣೀರುಬಾವಿ ಕಡಲತೀರಕ್ಕೆ ಹೋಗಿ. ಬೋಳೂರಿನಲ್ಲಿ ಟಿಪ್ಪು ಕಾಲದ ಕಾವಲು ಬುರುಜು ಸುಲ್ತಾನ್ ಬತ್ತೇರಿ ಇದೆ. ಅದರ ಹತ್ತಿರ ದೋಣಿ ಹತ್ತಿ ಗುರುಪುರ ಹೊಳೆ ದಾಟಿದರೆ ಆಯಿತು. ದೋಣಿಯಲ್ಲಿ ಪಕ್ಕ ಕೂತಿದ್ದ ಹಿರಿಯರು ಮಾತು ತೆಗೆದರು.

"ಘಟ್ಟದ ಮೇಲಿನವರಾ? ಮನೆ ಹಂಚಿನದ್ದಾ, ತಾರಸಿಯಾ?"

ಹಂಚಿಂದೇ, ಅಜ್ಜ ಕಟ್ಟಿಸಿದ್ದು ಅಂದೆ.

"ಹಾಗಾದ್ರೆ ನಮ್ಮ ಮಣ್ಣು ನಿಮ್ಮ ತಲೆ ಮೇಲೆ ಉಂಟು ಮಾರಾಯ್ರೆ!"

ಹಂಚಿನ ಕಾರ್ಖಾನೆಯಲ್ಲೇ ದುಡಿದವರಂತೆ ಅವರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ತಂದು, ಅರೆದು, ಅಚ್ಚಿಗೆ ಹಾಕಿ ಒತ್ತಬೇಕು. ಹಸಿ ಹಂಚನ್ನು ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಹಾಗಾಗಿ ನೆರಳಲ್ಲಿ ಒಣಗಿಸಿ ಆಮೇಲೆ ಭಟ್ಟಿಗೆ. "ಬೆಂದಿದೆಯಾ ಅಂತ ಹೀಗೆ ನೋಡೋದು," ಎಂದು ಬೆರಳಿನ ಗಿಣ್ಣಿನಿಂದ ದೋಣಿಯ ಹಲಗೆಗೆ ಕುಟ್ಟಿದರು. "ಟಣ್ ಅನ್ನಬೇಕು. ಡಬ್ ಅಂದ್ರೆ ಆ ಹಂಚು ಬೇಡ."

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಓದಿ ಗೊತ್ತಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಟದ್ದೂ ಇದೇ ಮಿಷನ್‌ನವರಿಂದ. ಆದರೆ ನಮ್ಮ ಮಾಡಿನ ಹಂಚನ್ನು ಮಾಡಿದಂಥ ಕೈ ಎದುರಿಗೇ ಇರುತ್ತದೆ ಅಂದುಕೊಂಡಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅಪ್ಪ ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದರು. ಕೆಳಗಿನಿಂದ ಒಂದೊಂದೇ ಎತ್ತಿಕೊಡುವುದು ನನ್ನ ಕೆಲಸ. ಹಿಂಬದಿಯಲ್ಲಿ ಉಬ್ಬಿದ ಅಕ್ಷರಗಳ ಮೇಲಿನ ಪಾಚಿ ಕೆರೆದು ಓದುತ್ತಿದ್ದೆ.

"ಈಗ ಯಾರು ಹತ್ತುತ್ತಾರೆ?" ಎಂದು ಆ ಹಿರಿಯರು ಕೇಳಿದರು.

"ಜನವೇ ಸಿಗಲ್ಲ. ಊರಲ್ಲಿ ತುಂಬ ಮನೆಗೆ ಶೀಟು ಬಂತು."

"ಇಲ್ಲಿ ಕಾರ್ಖಾನೆಯೇ ಮುಚ್ಚಿತು. ನಾನು ಇದ್ದದ್ದೂ." ಸ್ವಲ್ಪ ಹೊತ್ತು ಬಿಟ್ಟು, "ಒಡೆದದ್ದು ಮಾತ್ರ ಬದಲಿಸಿ. ಇಡೀ ಮಾಡು ತೆಗೀಬೇಡಿ. ಅಷ್ಟು ಗಟ್ಟಿ ಹಂಚು ಈಗ ಸಿಗೂದಿಲ್ಲ," ಅಂದರು.

ದೋಣಿ ಆಚೆ ದಡ ಮುಟ್ಟಿದ ಮೇಲೂ ಅಲ್ಲೇ ನಿಂತು ಮಾತಾಡಿದೆವು. ಹೆಂಡತಿಗೆ ಹಂಚಿನಡಿ ಹಾಕುವ ಮರದ ರೀಪು, ಪಕಾಸಿನ ಲೆಕ್ಕವನ್ನೂ ಹೇಳಿಕೊಟ್ಟರು.

ಉಳಿದ ದಿನಗಳಲ್ಲಿ ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದೆವು. ಕ್ರಿ.ಶ. 968ರದು, ಅದರ ಮುಂದೆ ಸಾವಕಾಶವಾಗಿ ನಿಲ್ಲಬೇಕು. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳಿವೆ. ಊಟದಲ್ಲಿ ಕೋರಿ ರೊಟ್ಟಿಗೆ ಮನಸೋತೆ. ಗರಿಗರಿ ರೊಟ್ಟಿ ಕೋಳಿ ಸಾರಿನಲ್ಲಿ ನೆನೆಯುವ ಹದವೇ ಬೇರೆ. ನೀರ್‌ದೋಸೆ ಮಾತ್ರ ನಮ್ಮನೆಯದೇ ತೆಳು.

ಮುಂದಿನ ರಜೆಗೆ ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ಏಪ್ರಿಲ್, ಮೇ ಬೇಡ, ನಮ್ಮಂಥವರಿಗೆ ಆ ಸೆಕೆ ಆಗುವುದಿಲ್ಲ. ಡಿಸೆಂಬರ್ ಒಳ್ಳೆಯದು.