ಕುಂಬಳೆ ಅಳಿವೆಯಲ್ಲಿ ಬಾಲವಿಲ್ಲದ ಫಾಯಿಲ್

ಕಾಸರಗೋಡು ಜಿಲ್ಲೆಯ ಕುಂಬಳೆಗೆ ನಾವು ಹೋಗಿದ್ದು ಗಾಳಿಗಾಗಿ. ಬೇಸಿಗೆಯಲ್ಲಿ ಈ ಕರಾವಳಿಯ ಸಮುದ್ರ ಬೆಳಿಗ್ಗೆ ಸುಮ್ಮನಿರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಏಳುತ್ತದೆ. ವಿಂಗ್ ಫಾಯಿಲಿಂಗ್‌ಗೆ ಬೇಕಾದದ್ದು ಅದೇ. ಕೈಯಲ್ಲಿ ಗಾಳಿ ತುಂಬಿದ ವಿಂಗ್, ಕಾಲಡಿ ಬೋರ್ಡು, ಬೋರ್ಡಿನಡಿಯ ಕಂಬಕ್ಕೆ (ಮಾಸ್ಟ್) ಕಟ್ಟಿದ, ರೆಕ್ಕೆಯಂಥ ಫಾಯಿಲ್ ನೀರೊಳಗೆ. ವೇಗ ಬಂದರೆ ಬೋರ್ಡು ನೀರು ಬಿಟ್ಟು ಮೇಲೇಳುತ್ತದೆ.

ಬೇಕಲ ಕೋಟೆ, ಅನಂತಪುರದ ಸರೋವರ ಕ್ಷೇತ್ರ ಎರಡನ್ನೂ ನೋಡಿದೆವು. ನನಗೆ ಅನಂತಪುರ ಹೆಚ್ಚು ಹಿಡಿಸಿತು, ಬೇಕಲದಲ್ಲಿ ಗದ್ದಲ ಜಾಸ್ತಿ. ಆದರೆ ನಾನು ಬರೆಯಬೇಕಾದದ್ದು ಶಿರಿಯಾ ಹೊಳೆ ಕಡಲು ಸೇರುವ ಜಾಗದ ಬಗ್ಗೆ. ಮಂಗಳೂರಿನ ಗೆಳೆಯ ಅಲ್ಲಿಗೆ ಬಾಲವಿಲ್ಲದ ಫಾಯಿಲ್ ತಂದಿದ್ದ.

ಮಾಮೂಲಿ ಫಾಯಿಲ್‌ನಲ್ಲಿ ಮುಂದೆ ದೊಡ್ಡ ರೆಕ್ಕೆ, ಹಿಂದೆ ಪುಟ್ಟ ರೆಕ್ಕೆ, ನಡುವೆ ಒಂದು ಕೋಲು. ಬಾಗಿದ ರೆಕ್ಕೆಗೆ ಮೂತಿ ಕೆಳಗೆ ಹಾಕುವ ಸ್ವಭಾವ. ಹಿಂದಿನ ಪುಟ್ಟ ರೆಕ್ಕೆ ಬಾಲವನ್ನು ಕೆಳಕ್ಕೆ ಒತ್ತಿ ಅದನ್ನು ತಡೆಯುತ್ತದೆ. ಹಾಗಾಗಿ ಮುಂದಿನ ರೆಕ್ಕೆ ನಮ್ಮನ್ನು ಎತ್ತುವುದರ ಜೊತೆಗೆ ಆ ಒತ್ತಡವನ್ನೂ ಹೊರಬೇಕು. ಗೆಳೆಯ ತಂದದ್ದರಲ್ಲಿ ಇದ್ದದ್ದು ಒಂದೇ ರೆಕ್ಕೆ. ತುದಿಗಳು ಹಿಂದಕ್ಕೆ ಬಾಗಿದ್ದವು. ಹಿಂದಿನ ಅಂಚು ಒಂಚೂರು ಮೇಲಕ್ಕೆ ತಿರುಗಿತ್ತು. ಬಾಲದ ಕೆಲಸವನ್ನು ಆ ಅಂಚೇ ಮಾಡಬೇಕು. ವಿಮಾನದವರಿಗೆ ಇದು ಹೊಸದಲ್ಲ. ಜರ್ಮನಿಯ ಹಾರ್ಟನ್ ಸಹೋದರರು 1930ರ ದಶಕದಲ್ಲೇ ಬಾಲವಿಲ್ಲದ ಗ್ಲೈಡರ್ ಹಾರಿಸಿದ್ದರು.

ನೀರಿಗಿಳಿದ ಮೇಲೆ ಮೊದಲು ತಿಳಿದದ್ದು ಪಾದಗಳಿಗೆ. ಬಾಲ ಇದ್ದಾಗ ಮುಂಗಾಲಿನ ಭಾರ ಸ್ವಲ್ಪ ಹೆಚ್ಚುಕಡಿಮೆಯಾದರೂ ಫಾಯಿಲ್ ತಾಳಿಕೊಳ್ಳುತ್ತದೆ. ಇಲ್ಲಿ ಬೆರಳು ಒತ್ತಿದರೂ ಬೋರ್ಡಿನ ಮೂತಿ ಇಳಿಯುತ್ತದೆ, ಹಿಮ್ಮಡಿ ಒತ್ತಿದರೆ ಏಳುತ್ತದೆ. ಮೊದಲ ಹೊತ್ತೆಲ್ಲ ಬೀಳುವುದೇ ಆಯಿತು. ಆಮೇಲೆ ಎಲ್ಲೋ ಒಂದು ಕಡೆ ದೇಹ ರೆಕ್ಕೆಯ ನೇರಕ್ಕೆ ಬಂದು ನಿಂತಿತು. ಅಬ್ಬಾ! ಹಿಂದಿನಿಂದ ಯಾರೋ ಹಿಡಿದಿದ್ದ ಕೈ ಬಿಟ್ಟ ಹಾಗಾಯಿತು. ತಿರುಗಿಸಿದರೆ ನಿಂತಲ್ಲೇ ತಿರುಗುತ್ತದೆ. ಸಣ್ಣ ತೆರೆ ಸಿಕ್ಕರೆ ವಿಂಗನ್ನು ಸುಮ್ನೆ ಒಂದು ಕೈಯಲ್ಲಿ ಹಿಡಿದು ತೆರೆಯ ಮೇಲೆ ಎಡಕ್ಕೂ ಬಲಕ್ಕೂ ಹೊರಳಬಹುದು. ಉದ್ದ ಕೋಲಿನ ಫಾಯಿಲ್‌ನಲ್ಲಿ ನನಗೆ ಇಷ್ಟು ಖುಷಿ ಎಂದೂ ಸಿಕ್ಕಿಲ್ಲ. ನೇರ ದಾರಿಯಲ್ಲಿ ವೇಗವಾಗಿ ಹೋಗುವವರು ಬಾಲ ಇಟ್ಟುಕೊಳ್ಳಲಿ. ತೆರೆಯ ಜೊತೆ ಆಡುವವರು ಒಮ್ಮೆ ಇದನ್ನು ಹತ್ತಲೇಬೇಕು.

ಒಂದು ವಿಷಯ ಮಾತ್ರ ಈಗಲೂ ಉರಿಯುತ್ತದೆ. ಸ್ಟೇಷನ್ನಿಂದ ಸಾಮಾನು ತಂದ ಗಾಡಿಯವ ನಾವು ಬೇಡವೆಂದರೂ ರೆಕ್ಕೆಯ ಚೀಲದ ಮೇಲೆ ಕಬ್ಬಿಣದ ಪೆಟ್ಟಿಗೆ ಇಟ್ಟ. ಹಿಂದಿನ ಅಂಚು ಒಂಚೂರು ಕಿತ್ತುಹೋಯಿತು. ಓಡಿಸಿದರೆ ನೀರೊಳಗಿಂದ ಗುಂಯ್ ಎಂಬ ಸದ್ದು. ಬಾಲವಿಲ್ಲದ ರೆಕ್ಕೆಗೆ ಆ ಅಂಚೇ ಜೀವ, ಅಲ್ವಾ? ನೀರು ಹಾಕಿ ಉಜ್ಜುವ ಮರಳುಕಾಗದದಿಂದ ನಿಧಾನವಾಗಿ ಉಜ್ಜಿ ಸರಿ ಮಾಡಬೇಕಾಯಿತು. ರೆಕ್ಕೆಯನ್ನು ದಪ್ಪ ಕವರಿನಲ್ಲಿ ಹಾಕಿ ನಿಮ್ಮ ತೊಡೆಯ ಮೇಲೇ ಇಟ್ಟುಕೊಳ್ಳಿ. ಸಂಜೆ ಸಿಹಿನೀರಲ್ಲಿ ತೊಳೆದು ಬೋಲ್ಟು ಬಿಚ್ಚಿಡಿ. ಅಲ್ಯುಮಿನಿಯಂ ಮಾಸ್ಟಿನಲ್ಲಿ ಸ್ಟೀಲ್ ಬೋಲ್ಟು ಉಪ್ಪುನೀರಿಗೆ ಕಚ್ಚಿಕೊಂಡರೆ ಮತ್ತೆ ಬರುವುದಿಲ್ಲ. ಹೆಲ್ಮೆಟ್ ಬಿಡಲೇಬೇಡಿ.

ನಾನು ಅಂಚು ಉಜ್ಜುತ್ತಿದ್ದಾಗ ಬಲೆ ಸರಿಮಾಡುತ್ತಿದ್ದ ಮೊಗವೀರರೊಬ್ಬರು ಹತ್ತಿರ ಬಂದು ಕೂತರು. ಕನ್ನಡ ಶಾಲೆಯಲ್ಲಿ ಓದಿದವರಂತೆ. ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದಕ್ಕೆ ಹಿಂದೆ ಎಂತದೂ ಇಲ್ವಾ ಮಾರಾಯ್ರೆ?”

“ಇಲ್ಲ ಅಣ್ಣ. ಇಷ್ಟೇ.”

“ಹಾಗಾದ್ರೆ ಇದು ತೊರಕೆ ಮೀನು. ತೊರಕೆಗೆ ಬಾಲ ಉಂಟು, ಆದ್ರೆ ಅದು ಈಜುವುದು ಬಾಲದಿಂದ ಅಲ್ಲ. ಎರಡು ಪಕ್ಕ ಆಡಿಸಿಯೇ ಹೋಗುವುದು.”

ನಾನು ಕೈಯಲ್ಲಿದ್ದ ಕಾಗದ ಕೆಳಗಿಟ್ಟೆ. ಅವರು ರೆಕ್ಕೆಯ ತುದಿಯ ಮೇಲೆ ಬೆರಳಾಡಿಸುತ್ತಾ ಕೇಳಿದರು, “ತೆರೆ ಕುದಿಯುವಾಗ ಬೀಳ್ತೀರಾ?”

“ಬೀಳ್ತೇವೆ. ತೆರೆ ಅಡ್ಡಾದಿಡ್ಡಿ ಬಂದರೆ ಇದಕ್ಕೆ ತಡೆಯಲಿಕ್ಕೆ ಆಗುವುದಿಲ್ಲ.”

“ನೀವು ನೀರಿಗೆ ಇಳಿದದ್ದು ಇಳಿತದ ಹೊತ್ತು. ಹೊಳೆಯ ನೀರು ಹೊರಗೆ ಓಡ್ತದೆ, ಗಾಳಿ ಒಳಗೆ ನೂಕ್ತದೆ. ಎರಡೂ ಎದುರುಬದುರು ಆದ್ರೆ ಅಳಿವೆ ಬಾಯಲ್ಲಿ ತೆರೆ ಗಿಡ್ಡ ಆಗಿ ಎದ್ದು ನಿಲ್ತದೆ. ನಮ್ಮ ದೋಣಿಗೇ ಕಷ್ಟ. ಭರತದ ನೀರು ಒಳಗೆ ಬರುವಾಗ ಇಳಿಯಿರಿ. ಆಗ ಗಾಳಿಯೂ ನೀರೂ ಒಂದೇ ಕಡೆ.”

“ಬಾಯಿಯಿಂದ ಎಷ್ಟು ದೂರ ಇರಬೇಕು ಅಣ್ಣ?”

“ಅದು ಹೇಳ್ಲಿಕ್ಕೆ ಆಗುವುದಿಲ್ಲ. ಪ್ರತಿ ಮಳೆಗಾಲ ಮರಳು ಜಾಗ ಬದಲು ಮಾಡ್ತದೆ. ನಿಮ್ಮ ಈ ಕಂಬ ಎಷ್ಟು ಉದ್ದ?”

ಮಾಸ್ಟ್ ತೋರಿಸಿದೆ. ಅವರು ಅದನ್ನು ತಮ್ಮ ಸೊಂಟಕ್ಕೆ ಹಿಡಿದು ಅಳೆದರು. ಆ ಆಳ ಎಲ್ಲಿ ಸಿಗುತ್ತದೆ, ಮರಳದಿಣ್ಣೆ ಎಲ್ಲಿದೆ ಎಂದು ಒದ್ದೆ ಮರಳಿನ ಮೇಲೆ ಗೆರೆ ಎಳೆದು ತೋರಿಸಿದರು. ಗೆಳೆಯ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡ. ಮರುದಿನ ಭರತದ ಹೊತ್ತು ನೋಡಿ, ಅವರು ಹೇಳಿದ ಜಾಗದಲ್ಲೇ ಇಳಿದೆವು. ನೀರು ಸಪಾಟಾಗಿತ್ತು. ಗೆಳೆಯ ದಿಣ್ಣೆಯ ಬದಿಯಿಂದ ಹೊಳೆಯ ಒಳಗಿನವರೆಗೂ ಬೀಳದೆ ಹೋದ.