ಅಪ್ಪನ ಅಪೀಲು

ಪಕ್ಕದ ಮನೆಯ ಅಜ್ಜನ ಡ್ರೈವಿಂಗ್ ಲೈಸೆನ್ಸ್ ರದ್ದಾಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಕಾರು ಹೊರಡಿಸುವ ಮುಂಚೆ ರಕ್ತದ ಸಕ್ಕರೆ ನೋಡಬೇಕು. ಇಲ್ಲಿನ ಮೀಟರಿನಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಬೇಕು. ನಮ್ಮೂರಿನ ಮೀಟರಿನಲ್ಲಿ ಅದು 90. ಅಜ್ಜ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಬೆರಳು ಚುಚ್ಚಿ, ಚಿಕ್ಕ ಪುಸ್ತಕದಲ್ಲಿ ಸಂಖ್ಯೆ ಬರೆದು, ಆಮೇಲೆಯೇ ಕೀ ತಿರುಗಿಸುತ್ತಿದ್ದರು. ಅಂಥವರ ಲೈಸೆನ್ಸೇ ಹೋಯಿತು!

ಸಕ್ಕರೆ ಇಳಿದು ಬೇರೆಯವರ ಸಹಾಯ ಬೇಕಾಗುವಂತೆ ಆಗುವುದು ಎಚ್ಚರದಲ್ಲಿದ್ದಾಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಆದರೆ ಕಾರು ಓಡಿಸುವ ಹಾಗಿಲ್ಲ. ಅಜ್ಜನಿಗೆ ಎರಡು ಸಲ ಆಗಿತ್ತು, ನಿಜ. ಆದರೆ ಎರಡನೆಯದು ನಡುರಾತ್ರಿ, ನಿದ್ದೆಯಲ್ಲಿ. ಕಾರಿನ ಲೈಸೆನ್ಸಿಗೆ ನಿದ್ದೆಯಲ್ಲಿ ಆದದ್ದು ಲೆಕ್ಕಕ್ಕಿಲ್ಲ. ಆಸ್ಪತ್ರೆಯ ಕಾಗದದಲ್ಲಿ ತಾರೀಕು ಇತ್ತು, ಹೊತ್ತು ಇರಲಿಲ್ಲ. ಅಜ್ಜ ವೈದ್ಯರಿಂದ ಹೊಸ ಪತ್ರ ತರಿಸಿ ಲೈಸೆನ್ಸ್ ಕಚೇರಿಗೆ ಕಳಿಸಿದ್ದಾರೆ. ಅವರು ಒಪ್ಪದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಪೀಲು, ಅದಕ್ಕೆ ಆರು ತಿಂಗಳ ಗಡುವು. ಸೋತರೆ ಎದುರು ಪಕ್ಷದ ಖರ್ಚೂ ತಲೆ ಮೇಲೆ ಬೀಳಬಹುದು. 'ಬೀಳಲಿ ಬಿಡು' ಎಂದರು.

ಮಾತಿಗೆ ಮಾತು ಬಂದು ಉಡುಪಿಯ ಅಪ್ಪನ ಕಥೆ ಹೇಳಿದೆ. ಅವರಿಗೂ ಇನ್ಸುಲಿನ್. ನಮ್ಮಲ್ಲಿ 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ರಿನ್ಯೂವಲ್, ಜೊತೆಗೆ ಫಾರ್ಮ್ 1ಎ ಎಂಬ ಆರೋಗ್ಯದ ಸರ್ಟಿಫಿಕೇಟು, ಅದಕ್ಕೆ ಡಾಕ್ಟರ ಸಹಿ. ಅಪ್ಪನ ಫಾರ್ಮಿಗೆ ಸಹಿ ಹಾಕಿದವರು ತಲೆ ಎತ್ತಿ ಅಪ್ಪನನ್ನು ನೋಡಿದ್ದರೋ ಇಲ್ಲವೋ, ದೇವರಿಗೇ ಗೊತ್ತು. ಒಂದು ದಿನ ಮಲ್ಪೆಯಿಂದ ಬಂಗುಡೆ ತರುವಾಗ ಕಲ್ಸಂಕ ಸರ್ಕಲಿನ ನಡುವೆಯೇ ಕಾರು ನಿಲ್ಲಿಸಿ ಸುಮ್ನೆ ಕೂತುಬಿಟ್ಟರು. ಹಿಂದೆ ಬಸ್ಸುಗಳ ಹಾರ್ನೋ ಹಾರ್ನು. ಒಬ್ಬ ಆಟೋದವನು ಇಳಿದು ಬಂದು, ಮುಖ ನೋಡಿ, 'ಶುಗರ್ ಇದೆಯಾ ಅಜ್ಜ?' ಎಂದನಂತೆ. ಕಬ್ಬಿನ ಹಾಲು ತಂದು ಕುಡಿಸಿ, ಕಾರನ್ನು ತಾನೇ ಮನೆಯವರೆಗೆ ಬಿಟ್ಟ. ದುಡ್ಡು ಮುಟ್ಟಲಿಲ್ಲ. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬವೇ ಬಂದಿತ್ತು.

ಅಜ್ಜನಿಗೆ ಬೇಕಾದದ್ದು ಬೇರೆ. 'ಆಮೇಲೆ ಲೈಸೆನ್ಸ್ ಕಚೇರಿಯಿಂದ ಪತ್ರ ಬಂತಾ?'

ಪತ್ರ ಎಲ್ಲಿಂದ? ಸಂಜೆ ನನ್ನ ತಮ್ಮ ಕಾರಿನ ಕೀ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದ, ಅಷ್ಟೇ.

'ಹಾಗಾದರೆ ನಿಮ್ಮ ಅಪ್ಪ ಅಪೀಲು ಎಲ್ಲಿ ಹಾಕಬೇಕು?'

ನಗು ಬಂತು, ಉತ್ತರ ಬರಲಿಲ್ಲ. ಕಾಯಿಲೆಯ ಕಾರಣಕ್ಕೆ ಲೈಸೆನ್ಸ್ ರದ್ದು ಮಾಡುವ ಅಧಿಕಾರ ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಇದೆ. ಕಾರಣ ಬರೆದು ಕೊಡಬೇಕು, 30 ದಿನದೊಳಗೆ ಅಪೀಲು ಹಾಕಬಹುದು. ಆದರೆ ವಿಷಯ ಅಲ್ಲಿಯವರೆಗೆ ಹೋಗುವುದು ಯಾವಾಗ? ಅಷ್ಟರೊಳಗೆ ಮಕ್ಕಳ ತೀರ್ಪು ಆಗಿರುತ್ತದೆ. ಕೀ ಆಯಿತು, ಆಮೇಲೆ ಎಟಿಎಂ ಕಾರ್ಡು, ಆಮೇಲೆ ಒಬ್ಬರೇ ರಥಬೀದಿಗೆ ಹೋಗಿಬರುವುದು. ಎಲ್ಲ ನಿಮ್ಮ ಒಳ್ಳೆಯದಕ್ಕೇ. ತಮ್ಮ ಮಾಡಿದ್ದು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಕಲ್ಸಂಕದಲ್ಲಿ ಯಾರಿಗಾದರೂ ತಾಗಿದ್ದರೆ? ಆದರೂ ಅಪ್ಪನನ್ನು ಕೂರಿಸಿ ಒಂದು ಮಾತು ಯಾರೂ ಕೇಳಲಿಲ್ಲ, ಅಲ್ವಾ.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಅಜ್ಜನ ಕೇಸು ಹೇಳಿದೆ. ಬೆರಳು ಚುಚ್ಚುವುದು, ಹೊಸ ಪತ್ರ, ಆರು ತಿಂಗಳು, ಎಲ್ಲ ಎರಡೆರಡು ಸಲ ಕೇಳಿಸಿಕೊಂಡರು. ಆಮೇಲೆ ಫೋನು ದೂರ ಹಿಡಿದು, ಒಳಗಿದ್ದ ತಮ್ಮನಿಗೆ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದರು: 'ಹೋಯ್, ಕಾರಣ ಎಂತದು ಅಂತ ಒಂದು ಕಾಗದದಲ್ಲಿ ಬರೆದು ಕೊಡು ಮಾರಾಯ. ತಾರೀಕು ಹಾಕು.'